ಒಂದು ಸಾಲು, ಸಾವಿರ ಸಾಲು: ಎಡ್ಗರ್ ಕಾಡ್ ಅವರ ಕಥೆ

ಡಿಬಿಎಂಎಸ್ ಪೇಪರ್ ಬರೆದವರೆಲ್ಲ ಈ ಹೆಸರನ್ನು ಒಮ್ಮೆಯಾದರೂ ಬರೆದಿರುತ್ತಾರೆ. ಬಾಯ್ಸ್-ಕಾಡ್ ನಾರ್ಮಲ್ ಫಾರ್ಮ್, ಕಾಡ್ ಅವರ ಹನ್ನೆರಡು ನಿಯಮಗಳು. ಉತ್ತರ ಬರೆದು ಎದ್ದು ಬಂದ ಮೇಲೆ ಹೆಸರು ಆನ್ಸರ್ ಶೀಟ್‌ನಲ್ಲೇ ಉಳಿದುಹೋಗುತ್ತೆ. ಕೋಡ್ ಅನ್ನೋದು ತಪ್ಪಾಗಿ ಪ್ರಿಂಟ್ ಆಗಿ ಕಾಡ್ ಆಗಿದೆ ಅಂದ್ಕೊಂಡವರೂ ಇರಬಹುದು. ಅಲ್ಲ, ಅದು ಒಬ್ಬ ಮನುಷ್ಯನ ಹೆಸರು. ಎಡ್ಗರ್ ಫ್ರಾಂಕ್ ಕಾಡ್, ಸ್ನೇಹಿತರ ಬಾಯಲ್ಲಿ ಟೆಡ್. ಇವತ್ತು ನಮ್ಮ ಮಾರ್ಕ್ಸ್, ಬ್ಯಾಂಕ್ ಅಕೌಂಟ್, ರೈಲಿನ ಸೀಟು ಇಂಥವೆಲ್ಲ ಟೇಬಲ್‌ಗಳಲ್ಲಿ ಸಾಲುಸಾಲಾಗಿ ಕೂತಿರೋದರ ಹಿಂದೆ ಇರುವ ಮನುಷ್ಯ.

ಅವರ ಕಥೆಗೆ ಮುಂಚೆ ಒಂದು ಸಣ್ಣ ಲೆಕ್ಕ. ಕಾಲೇಜಿನ ವಿದ್ಯಾರ್ಥಿಗಳ ಟೇಬಲ್ ಒಂದಿದೆ ಅಂತ ಇಟ್ಕೊಳ್ಳಿ. ಯುಎಸ್‌ಎನ್, ಹೆಸರು, ಬ್ರಾಂಚ್, ಸೆಕ್ಷನ್, ಸೆಮ್. ಎರಡು ಸಾವಿರ ಸಾಲು. ಸೆಮಿಸ್ಟರ್ ಮುಗಿದಿದೆ, ಎಲ್ಲರನ್ನೂ ಒಂದು ಸೆಮ್ ಮುಂದೆ ಹಾಕಬೇಕು. ಒಬ್ಬರು ಹೀಗೆ ಬರೆಯುತ್ತಾರೆ: ಒಂದನೇ ಸೆಮ್‌ನವರನ್ನು ಎರಡಕ್ಕೆ ಹಾಕು, ಆಮೇಲೆ ಎರಡರವರನ್ನು ಮೂರಕ್ಕೆ, ಮೂರರವರನ್ನು ನಾಲ್ಕಕ್ಕೆ, ಹೀಗೆ ಏಳು ಅಪ್‌ಡೇಟ್. ಏಳೂ ಒಂದೇ ಒಂದು ಎರರ್ ಇಲ್ಲದೆ ಓಡುತ್ತವೆ. ಕೊನೆಗೆ ನೋಡಿದರೆ ಫ್ರೆಷರ್ಸ್ ಸೇರಿ ಇಡೀ ಕಾಲೇಜು ಎಂಟನೇ ಸೆಮ್‌ನಲ್ಲಿ ಕೂತಿರುತ್ತೆ! ಯಾಕಂದ್ರೆ ಮೊದಲ ಅಪ್‌ಡೇಟ್‌ನಲ್ಲಿ ಎರಡಕ್ಕೆ ಬಂದವರನ್ನು ಎರಡನೇ ಅಪ್‌ಡೇಟ್ ಮತ್ತೆ ಎತ್ತಿ ಮೂರಕ್ಕೆ ಹಾಕಿತು.

ಇನ್ನೊಬ್ಬರು ಒಂದೇ ಒಂದು ಅಪ್‌ಡೇಟ್ ಬರೆಯುತ್ತಾರೆ: ಸೆಮ್ ಎಂಟಕ್ಕಿಂತ ಕಮ್ಮಿ ಇರುವ ಎಲ್ಲರಿಗೂ, ಸೆಮ್ ಅಂದರೆ ಹಳೆಯ ಸೆಮ್ ಪ್ಲಸ್ ಒಂದು. ಎಲ್ಲರೂ ಸರಿಯಾದ ಜಾಗದಲ್ಲಿ ಇರುತ್ತಾರೆ. ಮೊದಲನೆಯವರು ಹಂತಹಂತವಾಗಿ ಯೋಚಿಸಿದರು. ಎರಡನೆಯವರು ಗುಂಪಾಗಿ ಯೋಚಿಸಿದರು. ಈ ಎರಡನೇ ರೀತಿಯಲ್ಲಿ ಯೋಚಿಸೋಕೆ ನಮಗೆ ದಾರಿ ಮಾಡಿಕೊಟ್ಟವರು ಕಾಡ್. ಅದಕ್ಕಾಗಿ ಅವರು ತಮಗೆ ಸಂಬಳ ಕೊಡುವ ಕಂಪನಿಯ ಜೊತೆಗೇ ವರ್ಷಗಟ್ಟಲೆ ವಾದ ಮಾಡಬೇಕಾಯಿತು.

ಕಾಡ್ ಹುಟ್ಟಿದ್ದು 1923ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲ್ಯಾಂಡ್ ಅನ್ನೋ ಕಡೆ. ಸಿವಿಲ್‌ನವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೆಸರು ಬಂದಿದ್ದು ಅಲ್ಲಿ ಸಿಗುವ ಕಲ್ಲಿನಿಂದಲೇ. ಅಪ್ಪ ಚರ್ಮದ ಉದ್ಯಮದಲ್ಲಿದ್ದರು, ಅಮ್ಮ ಸ್ಕೂಲ್ ಟೀಚರ್. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಓದಿನಲ್ಲಿ ಮುಂದಿದ್ದ ಹುಡುಗ ಆಕ್ಸ್‌ಫರ್ಡ್‌ನ ಎಕ್ಸೆಟರ್ ಕಾಲೇಜು ಸೇರಿದರು. ಆಗ ಎರಡನೇ ಮಹಾಯುದ್ಧ ನಡೀತಾ ಇತ್ತು. ಓದುತ್ತಿದ್ದ ಕಾರಣಕ್ಕೆ ಯುದ್ಧದಿಂದ ವಿನಾಯಿತಿ ಪಡೆಯಬಹುದಿತ್ತು. ಆದರೂ ತಾವಾಗಿಯೇ ರಾಯಲ್ ಏರ್ ಫೋರ್ಸ್ ಸೇರಿ ಪೈಲಟ್ ಆದರು. ಕೋಸ್ಟಲ್ ಕಮಾಂಡ್‌ನಲ್ಲಿ, ನೀರಿನ ಮೇಲೇ ಇಳಿಯುವ ಸಂಡರ್‌ಲ್ಯಾಂಡ್ ವಿಮಾನಗಳನ್ನು ಹಾರಿಸಿದರು. ಯುದ್ಧ ಮುಗಿದ ಮೇಲೆ ವಾಪಸ್ ಬಂದು ಗಣಿತದ ಡಿಗ್ರಿ ಮುಗಿಸಿದರು.

1948ರಲ್ಲಿ ಅಮೆರಿಕಕ್ಕೆ ಹೋದರು. ಹೋದ ತಕ್ಷಣ ಪ್ಯಾಕೇಜ್ ಸಿಗಲಿಲ್ಲ. ನ್ಯೂಯಾರ್ಕಿನ ಮೇಸೀಸ್ ಅಂಗಡಿಯಲ್ಲಿ ಗಂಡಸರ ಸ್ಪೋರ್ಟ್ಸ್ ಬಟ್ಟೆ ಮಾರಿದರು. ಟೆನೆಸೀ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಗಣಿತ ಪಾಠ ಮಾಡಿದರು. ಆಮೇಲೆ ಐಬಿಎಂ ಸೇರಿ, ಎಸ್‌ಎಸ್‌ಇಸಿ ಅನ್ನೋ ದೈತ್ಯ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ಹಿಡಿದರು. ಸುಮಾರು 12,500 ವ್ಯಾಕ್ಯೂಮ್ ಟ್ಯೂಬ್‌ಗಳಿದ್ದ, ಒಂದು ಇಡೀ ಹಾಲ್ ತುಂಬುವ ಯಂತ್ರ ಅದು.

1953ರಲ್ಲಿ ಅಮೆರಿಕದಲ್ಲಿ ಸೆನೆಟರ್ ಮೆಕಾರ್ಥಿಯ ಕಾಲ. ಸಿಕ್ಕಸಿಕ್ಕವರ ಮೇಲೆ ಕಮ್ಯುನಿಸ್ಟ್ ಅಂತ ಹಣೆಪಟ್ಟಿ ಹಚ್ಚಿ ಕೆಲಸ ಕಳೆಯುತ್ತಿದ್ದ ದಿನಗಳು. ಕಾಡ್ ಅವರಿಗೆ ಅದು ಸಹಿಸಲಿಲ್ಲ. ದೇಶ ಬಿಟ್ಟು ಕೆನಡಾದ ಒಟ್ಟಾವಾಕ್ಕೆ ಹೊರಟುಹೋದರು. 1957ರಲ್ಲಿ ವಾಪಸ್ ಬಂದು ಮತ್ತೆ ಐಬಿಎಂ ಸೇರಿ ಸ್ಟ್ರೆಚ್ ಕಂಪ್ಯೂಟರ್ ಮೇಲೆ ಕೆಲಸ ಮಾಡಿದರು. ಒಂದೇ ಯಂತ್ರದಲ್ಲಿ ಹಲವು ಪ್ರೋಗ್ರಾಂಗಳನ್ನು ಒಟ್ಟಿಗೆ ಓಡಿಸುವ ಮಲ್ಟಿಪ್ರೋಗ್ರಾಮಿಂಗ್ ಅಲ್ಲಿ ಅವರ ಭಾಗ. ಇಷ್ಟೆಲ್ಲ ಆದ ಮೇಲೆ, ನಲವತ್ತರ ಹತ್ತಿರದ ವಯಸ್ಸಿನಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತು 1965ರಲ್ಲಿ ಪಿಎಚ್‌ಡಿ ಪಡೆದರು. ವಿಷಯ, ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಸೆಲ್ಯುಲರ್ ಆಟೊಮೇಟಾ. ಫಾನ್ ನಾಯ್ಮನ್ ಅವರ ವಿನ್ಯಾಸದಲ್ಲಿ ಒಂದೊಂದು ಸೆಲ್‌ಗೆ 29 ಸ್ಟೇಟ್ ಬೇಕಿತ್ತು. ಕಾಡ್ ಅದನ್ನು 8ಕ್ಕೆ ಇಳಿಸಿದರು. ದೊಡ್ಡದನ್ನು ಸರಳ ಮಾಡುವ ಈ ಹಟ ಅವರ ಮುಂದಿನ ಕೆಲಸದಲ್ಲೂ ಕಾಣುತ್ತೆ.

1967ರಲ್ಲಿ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ರಿಸರ್ಚ್ ಲ್ಯಾಬ್‌ಗೆ ಹೋದರು. ಡೇಟಾಬೇಸ್ ಲೋಕದ ಆಗಿನ ಸ್ಥಿತಿ ಗೊತ್ತಾಗದೆ ಅವರು ಅಲ್ಲಿ ಮಾಡಿದ್ದರ ಬೆಲೆ ಗೊತ್ತಾಗಲ್ಲ.

ಅದಕ್ಕೂ ಹಿಂದೆ ರೆಕಾರ್ಡ್‌ಗಳು ಮ್ಯಾಗ್ನೆಟಿಕ್ ಟೇಪ್ ಮೇಲೆ ಇರುತ್ತಿದ್ದವು. ಟೇಪ್ ಮಧ್ಯದ ಒಂದು ರೆಕಾರ್ಡನ್ನು ಮಾತ್ರ ಬದಲಾಯಿಸಿ ಮತ್ತೆ ಅಲ್ಲೇ ಇಡೋಕೆ ಆಗ್ತಿರಲಿಲ್ಲ. ಆದ್ದರಿಂದ ಬದಲಾವಣೆಗಳನ್ನೆಲ್ಲ ಬೇರೆ ಟೇಪ್‌ನಲ್ಲಿ ಕೂಡಿಟ್ಟು, ನಂಬರ್ ಪ್ರಕಾರ ಸಾರ್ಟ್ ಮಾಡಿ, ಹಳೆಯ ಮಾಸ್ಟರ್ ಟೇಪ್ ಜೊತೆ ಒಂದೊಂದೇ ರೆಕಾರ್ಡ್ ಹೋಲಿಸುತ್ತಾ ಹೊಸ ಮಾಸ್ಟರ್ ಟೇಪ್ ಬರೆಯುತ್ತಿದ್ದರು. ಬ್ಯಾಚ್ ಅಪ್‌ಡೇಟ್ ಅಂದರೆ ಮೂಲದಲ್ಲಿ ಇದೇ. ಏನಾದರೂ ಕೆಟ್ಟರೆ ಹಳೆಯ ಟೇಪ್ ಇರಲಿ ಅಂತ ಅಜ್ಜ, ಅಪ್ಪ, ಮಗ ಅಂತ ಮೂರು ತಲೆಮಾರಿನ ಟೇಪ್‌ಗಳನ್ನು ಜೋಪಾನ ಮಾಡ್ತಿದ್ದರು.

ಡಿಸ್ಕ್ ಬಂದ ಮೇಲೆ ಯಾವ ರೆಕಾರ್ಡಿಗೆ ಬೇಕಾದರೂ ನೇರವಾಗಿ ಹೋಗಬಹುದು ಅಂತಾಯಿತು. ಐಬಿಎಂನ ಐಎಂಎಸ್ ಆಗಿನ ದೊಡ್ಡ ಹೆಸರು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕ ಇಡೋಕೆ ಹುಟ್ಟಿದ್ದು ಅದು. ಅದರಲ್ಲಿ ಡೇಟಾ ಮರದ ಹಾಗೆ ಇರುತ್ತಿತ್ತು: ಮೇಲೊಂದು ರೆಕಾರ್ಡ್, ಅದರ ಕೆಳಗೆ ಮಕ್ಕಳು, ಮೊಮ್ಮಕ್ಕಳು. ಪ್ರೋಗ್ರಾಂ ಬರೆಯುವವರು ಮೇಲಿನಿಂದ ಕೊಂಬೆ ಹಿಡಿದು ಇಳಿಯುತ್ತಾ, ಪಕ್ಕಕ್ಕೆ ಹೋಗುತ್ತಾ, ಬೇಕಾದ ರೆಕಾರ್ಡ್ ಸಿಕ್ಕಾಗ ಅದೊಂದನ್ನು ಬದಲಾಯಿಸಿ, ಮತ್ತೆ ಮುಂದಿನದಕ್ಕೆ ಹೋಗಬೇಕಿತ್ತು. ಪ್ರಾಜೆಕ್ಟ್ ಕೆಳಗೆ ಬಿಡಿಭಾಗ ಇಟ್ಟರೆ ಒಂದು ಪ್ರೋಗ್ರಾಂ, ಬಿಡಿಭಾಗದ ಕೆಳಗೆ ಪ್ರಾಜೆಕ್ಟ್ ಇಟ್ಟರೆ ಇನ್ನೊಂದು ಪ್ರೋಗ್ರಾಂ. ನಾಳೆ ಯಾರೋ ವೇಗ ಹೆಚ್ಚಿಸೋಕೆ ಮರದ ಆಕಾರ ಬದಲಾಯಿಸಿದರೆ ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಕೈಕೊಡುತ್ತಿತ್ತು.

1970ರ ಜೂನ್‌ನಲ್ಲಿ ಎಸಿಎಂ ಸಂಸ್ಥೆಯ ಪತ್ರಿಕೆಯಲ್ಲಿ ಕಾಡ್ ಅವರ ಹನ್ನೊಂದು ಪುಟಗಳ ಒಂದು ಲೇಖನ ಬಂತು. ಅದರಲ್ಲಿ ಅವರು ಇದೇ ಬಿಡಿಭಾಗ ಮತ್ತು ಪ್ರಾಜೆಕ್ಟ್ ಉದಾಹರಣೆ ತಗೊಂಡು, ಒಂದೇ ಮಾಹಿತಿಯನ್ನು ಐದು ಬೇರೆ ಬೇರೆ ಮರಗಳಾಗಿ ಜೋಡಿಸಬಹುದು ಅಂತ ತೋರಿಸಿದರು. ಒಂದು ಆಕಾರವನ್ನು ನಂಬಿ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯಲ್ಲ. ಅವರು ಕೊಟ್ಟ ಪರಿಹಾರ ಗಣಿತದ ರಿಲೇಶನ್. ಡೇಟಾ ಅಂದರೆ ಟೇಬಲ್‌ಗಳು, ಟೇಬಲ್ ಅಂದರೆ ಸಾಲುಗಳ ಗಣ. ಗಣದಲ್ಲಿ ಮೊದಲು, ಕೊನೆ, ಮುಂದಿನದು ಅಂತ ಏನೂ ಇಲ್ಲ. ಸಾಲು ಡಿಸ್ಕ್ ಮೇಲೆ ಎಲ್ಲಿದೆ, ಯಾವ ಪಾಯಿಂಟರ್ ಹಿಡಿದು ಹೋಗಬೇಕು ಅನ್ನೋದು ಬರೆಯುವವರ ತಲೆನೋವಲ್ಲ. ಏನು ಬೇಕು ಅಂತ ನೀವು ಹೇಳಿ, ಹೇಗೆ ಅನ್ನೋದನ್ನು ಯಂತ್ರ ನೋಡಿಕೊಳ್ಳಲಿ. ಇಷ್ಟೇ ವಿಷಯ. ಸಮುದ್ರದ ಮೇಲೆ ವಿಮಾನ ಹಾರಿಸಿದ ಪೈಲಟ್, ಪ್ರೋಗ್ರಾಂ ಬರೆಯುವವರಿಗೆ ದಾರಿ ಹುಡುಕುವ ಕೆಲಸವೇ ಬೇಡ ಅಂದಿದ್ದು ತಮಾಷೆಯಾಗಿದೆ, ಅಲ್ವಾ?

ಇದರ ಜೊತೆಗೇ ಬಂದಿದ್ದು ನಾರ್ಮಲೈಸೇಶನ್. ನಾವು ಅದನ್ನು ಬಾಯಿಪಾಠ ಮಾಡ್ತೀವಿ, ಆದರೆ ಅದು ಹುಟ್ಟಿದ್ದೇ ಅಪ್‌ಡೇಟ್ ಕಷ್ಟದಿಂದ. ಪ್ರತಿ ವಿದ್ಯಾರ್ಥಿಯ ಸಾಲಿನಲ್ಲೂ ಎಚ್‌ಒಡಿ ಹೆಸರು ಬರೆದಿಟ್ಟರೆ, ಎಚ್‌ಒಡಿ ಬದಲಾದಾಗ ಐನೂರು ಸಾಲು ಬದಲಾಗಬೇಕು. ನಾಲ್ಕುನೂರ ತೊಂಬತ್ತು ಬದಲಾಗಿ ಹತ್ತು ಉಳಿದರೆ ಡೇಟಾಬೇಸ್ ಒಂದೇ ಪ್ರಶ್ನೆಗೆ ಎರಡು ಉತ್ತರ ಹೇಳುತ್ತೆ. ಅದೇ ಹೆಸರು ಡಿಪಾರ್ಟ್‌ಮೆಂಟ್ ಟೇಬಲ್‌ನಲ್ಲಿ ಒಂದೇ ಕಡೆ ಇದ್ದರೆ ಬದಲಾಗಬೇಕಾದ್ದು ಒಂದೇ ಸಾಲು. ಅಂದರೆ ಬ್ಯಾಚ್ ಅಪ್‌ಡೇಟ್ ಬರೆಯೋಕೆ ಕೂರುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ, ಇಷ್ಟೊಂದು ಸಾಲು ಬದಲಾಗಬೇಕಾಗಿ ಬಂದಿದ್ದಾದರೂ ಯಾಕೆ ಅನ್ನೋದು.

ಇಂಥ ಐಡಿಯಾ ಕೈಗೆ ಸಿಕ್ಕಾಗ ಐಬಿಎಂ ಕುಣಿದಾಡಿರಬೇಕು ಅಂದ್ಕೊಳ್ತೀವಿ. ಹಾಗಾಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೇ ಆಯಿತು. ಐಎಂಎಸ್‌ನಿಂದ ಕಂಪನಿಗೆ ಒಳ್ಳೆ ಆದಾಯ ಬರ್ತಿತ್ತು. ತನ್ನದೇ ಪ್ರಾಡಕ್ಟ್ ಹಳೆಯದಾಯಿತು ಅಂತ ತನ್ನದೇ ಉದ್ಯೋಗಿ ಹೇಳಿದರೆ ಯಾವ ಕಂಪನಿಗೆ ಇಷ್ಟವಾಗುತ್ತೆ? ಹೊರಗಿನವರ ಆಕ್ಷೇಪ ಬೇರೆ: ಕಾಗದದ ಮೇಲೆ ಚೆನ್ನಾಗಿದೆ, ಓಡಿಸಿದರೆ ಆಮೆಯ ಹಾಗೆ ಇರುತ್ತೆ ಅಂತ. 1974ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ, ಕಾಡ್ ಪಿಎಚ್‌ಡಿ ಮಾಡಿದ ಅದೇ ಊರಿನಲ್ಲಿ, ಒಂದು ದೊಡ್ಡ ಚರ್ಚೆ ನಡೆಯಿತು. ಎದುರಿಗೆ ಚಾರ್ಲ್ಸ್ ಬಾಕ್‌ಮನ್. ಡೇಟಾಬೇಸ್ ಕೆಲಸಕ್ಕೆ ಹಿಂದಿನ ವರ್ಷವಷ್ಟೇ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಅವರ ಪ್ರಕಾರ ಪ್ರೋಗ್ರಾಮರ್ ಅಂದರೆ ಡೇಟಾ ಸಮುದ್ರದಲ್ಲಿ ದಾರಿ ಹುಡುಕಿಕೊಂಡು ಹೋಗುವ ನಾವಿಕ. ಕಾಡ್ ಬಣ್ಣದ ಮಾತಿನವರಲ್ಲ, ಆದರೆ ಜಗ್ಗುವವರೂ ಅಲ್ಲ. ವಾದ ಆ ದಿನ ತೀರ್ಮಾನ ಆಗಲಿಲ್ಲ. ತೀರ್ಮಾನ ಆಗೋಕೆ ಓಡುವ ಸಾಫ್ಟ್‌ವೇರ್ ಬೇಕಿತ್ತು.

ಅದು ಎರಡು ಕಡೆ ತಯಾರಾಗ್ತಿತ್ತು. ಬರ್ಕ್ಲಿಯಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ತಂಡದ ಇಂಗ್ರೆಸ್, ಸ್ಯಾನ್ ಹೋಸೆಯಲ್ಲಿ ಐಬಿಎಂನದೇ ಸಿಸ್ಟಮ್ ಆರ್. ಸಿಸ್ಟಮ್ ಆರ್ ತಂಡದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್, ಕಾಡ್ ಅವರ ಗಣಿತದ ಚಿಹ್ನೆಗಳನ್ನು ಇಂಗ್ಲಿಷ್ ಪದಗಳಿಗೆ ಇಳಿಸಿ ಸೀಕ್ವೆಲ್ ಅನ್ನೋ ಭಾಷೆ ಮಾಡಿದರು. ಆ ಹೆಸರು ಬೇರೆ ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಆಮೇಲೆ ಎಸ್‌ಕ್ಯೂಎಲ್ ಆಯಿತು. ಬಾಯ್ಸ್ 1974ರಲ್ಲೇ, ತುಂಬಾ ಚಿಕ್ಕ ವಯಸ್ಸಿನಲ್ಲಿ, ಮಿದುಳಿನ ರಕ್ತನಾಳ ಒಡೆದು ತೀರಿಕೊಂಡರು. ಬಿಸಿಎನ್‌ಎಫ್‌ನ ಮೊದಲ ಅಕ್ಷರ ಅವರದು.

ಸಿಸ್ಟಮ್ ಆರ್ ತಂಡ 1976ರಲ್ಲಿ ಎದುರಿಸಿದ ಒಂದು ವಿಚಿತ್ರ ಘಟನೆ ನಾವೆಲ್ಲ ತಿಳ್ಕೊಬೇಕಾದ್ದು. 25,000 ಡಾಲರ್‌ಗಿಂತ ಕಮ್ಮಿ ಸಂಬಳ ಇರುವವರಿಗೆಲ್ಲ ಹತ್ತು ಪರ್ಸೆಂಟ್ ಹೆಚ್ಚಿಸು ಅಂತ ಒಂದು ಅಪ್‌ಡೇಟ್ ಓಡಿಸಿದರು. ಎರರ್ ಬರಲಿಲ್ಲ. ನೋಡಿದರೆ ಎಲ್ಲರ ಸಂಬಳವೂ 25,000 ದಾಟಿತ್ತು! ಯಾಕೆ? ಸಂಬಳದ ಮೇಲೆ ಇಂಡೆಕ್ಸ್ ಇತ್ತು. ಯಂತ್ರ ಇಂಡೆಕ್ಸ್ ಹಿಡಿದು ಕಮ್ಮಿಯಿಂದ ಜಾಸ್ತಿ ಕಡೆಗೆ ನಡೆಯುತ್ತಿತ್ತು. ಸಂಬಳ ಹೆಚ್ಚಾದ ಸಾಲು ಇಂಡೆಕ್ಸ್‌ನಲ್ಲಿ ಮುಂದಕ್ಕೆ ಜಿಗಿಯುತ್ತಿತ್ತು. ಯಂತ್ರ ಮುಂದೆ ಹೋದಾಗ ಅದೇ ಸಾಲು ಮತ್ತೆ ಸಿಗುತ್ತಿತ್ತು, ಮತ್ತೆ ಹತ್ತು ಪರ್ಸೆಂಟ್. ಹ್ಯಾಲೋವೀನ್ ಸಮಯದಲ್ಲಿ ಕಂಡುಬಂದಿದ್ದರಿಂದ ಇದಕ್ಕೆ ಹ್ಯಾಲೋವೀನ್ ಪ್ರಾಬ್ಲಂ ಅಂತ ಹೆಸರು ಉಳಿಯಿತು.

ನಮ್ಮ ಸೆಮಿಸ್ಟರ್ ಲೆಕ್ಕದಲ್ಲಿ ಆಗಿದ್ದೂ ಇದೇ ಅಲ್ವಾ? ವ್ಯತ್ಯಾಸ ಇಷ್ಟೇ, ಅಲ್ಲಿ ಮನುಷ್ಯ ಏಳು ಹಂತದಲ್ಲಿ ಮಾಡಿದ್ದನ್ನು ಇಲ್ಲಿ ಯಂತ್ರ ಒಳಗೊಳಗೇ ಮಾಡಿತು. ಗಮನಿಸಬೇಕಾದ್ದು ಏನಂದ್ರೆ, ಯಾವುದು ಸರಿಯಾದ ಉತ್ತರ ಅನ್ನೋದರ ಬಗ್ಗೆ ಲ್ಯಾಬ್‌ನಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಕಾಡ್ ಅವರ ಲೆಕ್ಕದಲ್ಲಿ ಮೊದಲು ಗುಂಪು ಯಾವುದು ಅಂತ ಹಳೆಯ ಬೆಲೆಗಳಿಂದ ತೀರ್ಮಾನ ಆಗಬೇಕು, ಆಮೇಲೆ ಇಡೀ ಗುಂಪಿಗೆ ಒಂದೇ ಸಲ ಬದಲಾವಣೆ ಆಗಬೇಕು. ಥಿಯರಿ ಗಟ್ಟಿಯಾಗಿ ಇದ್ದಿದ್ದರಿಂದಲೇ ಯಂತ್ರ ಮಾಡಿದ್ದು ತಪ್ಪು ಅಂತ ಹೇಳೋಕೆ ಸಾಧ್ಯವಾಯಿತು. ಇವತ್ತಿನ ಡೇಟಾಬೇಸ್‌ಗಳು ಇದನ್ನು ತಡೆಯೋಕೆ ಒಳಗೇ ವ್ಯವಸ್ಥೆ ಇಟ್ಟುಕೊಂಡಿವೆ.

ಅದೇ ಲ್ಯಾಬ್‌ನಲ್ಲಿ ಜಿಮ್ ಗ್ರೇ ಟ್ರಾನ್ಸಾಕ್ಷನ್ ಮೇಲೆ ಕೆಲಸ ಮಾಡಿದರು. ಎಲ್ಲ ಆಗಬೇಕು, ಇಲ್ಲ ಅಂದರೆ ಏನೂ ಆಗಬಾರದು. ಕಾಡ್ ಅವರ ಗುಂಪಿನ ಯೋಚನೆಗೆ ಈ ಕಮಿಟ್, ರೋಲ್‌ಬ್ಯಾಕ್ ಜೊತೆಯಾದ ಮೇಲೆ ಕರೆಂಟ್ ಹೋದರೂ ಅರ್ಧ ಜನ ಪಾಸಾಗಿ ಅರ್ಧ ಜನ ಹಿಂದೆಯೇ ಉಳಿಯುವ ಪರಿಸ್ಥಿತಿ ತಪ್ಪಿತು.

ಐಬಿಎಂ ಯೋಚಿಸುತ್ತಾ ಕೂತಿದ್ದಾಗ ಸಿಸ್ಟಮ್ ಆರ್ ಪೇಪರ್‌ಗಳನ್ನು ಓದಿದ ಲ್ಯಾರಿ ಎಲಿಸನ್ ಮತ್ತು ಜೊತೆಗಾರರು 1979ರಲ್ಲಿ ಒರಾಕಲ್ ಅನ್ನು ಮಾರುಕಟ್ಟೆಗೆ ತಂದೇಬಿಟ್ಟರು. ಐಬಿಎಂನ ಎಸ್‌ಕ್ಯೂಎಲ್/ಡಿಎಸ್ ಬಂದಿದ್ದು 1981ರಲ್ಲಿ, ಡಿಬಿ2 ಬಂದಿದ್ದು 1983ರಲ್ಲಿ. 1981ರಲ್ಲೇ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು.

ಇಲ್ಲಿಗೆ ಶುಭಂ ಅಂತ ಬರೆಯಬಹುದಿತ್ತು. ಆದರೆ ಕಾಡ್ ಅವರಿಗೆ ಎಸ್‌ಕ್ಯೂಎಲ್ ಪೂರ್ತಿ ಒಪ್ಪಿಗೆ ಆಗಲೇ ಇಲ್ಲ. ಅವರದೇ ಭಾಷೆ ಆಲ್ಫಾ ಬೇರೆ ಇತ್ತು. ಗಣದಲ್ಲಿ ಒಂದೇ ಅಂಶ ಎರಡು ಸಲ ಇರಲ್ಲ. ಎಸ್‌ಕ್ಯೂಎಲ್ ಮಾತ್ರ ಡ್ಯುಪ್ಲಿಕೇಟ್ ಸಾಲುಗಳನ್ನು ಬಿಟ್ಟುಕೊಂಡಿತು. ಹೊರಗೆ ಟೇಬಲ್ ತೋರಿಸಿ ಒಳಗೆ ಹಳೇ ಪದ್ಧತಿಯನ್ನೇ ಇಟ್ಟುಕೊಂಡ ಪ್ರಾಡಕ್ಟ್‌ಗಳೂ ರಿಲೇಶನಲ್ ಅಂತ ಬೋರ್ಡ್ ಹಾಕಿಕೊಂಡವು. ಇದರಿಂದ ಬೇಸತ್ತು 1985ರಲ್ಲಿ ಅವರು ನಿಯಮಗಳನ್ನು ಬರೆದರು. ಹನ್ನೆರಡು ಅಂತ ಹೆಸರು, ಸೊನ್ನೆಯಿಂದ ಎಣಿಸಿದರೆ ಹದಿಮೂರು. ಏಳನೆಯದು ನಮ್ಮ ವಿಷಯದ್ದೇ: ಓದುವುದು ಮಾತ್ರವಲ್ಲ, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಕೂಡ ಒಂದೊಂದು ಸಾಲಿಗಲ್ಲ, ಇಡೀ ಗುಂಪಿಗೆ ಒಟ್ಟಿಗೆ ಆಗಬೇಕು. ಎಕ್ಸಾಮ್‌ಗೆ ಪಟ್ಟಿ ಮಾಡುವಾಗ ಒಣ ಸಾಲಿನ ಹಾಗೆ ಕಾಣುತ್ತೆ. ಅದು ಹದಿನೈದು ವರ್ಷದ ಜಗಳದ ಸಾರ.

ಅವರ ಬೇಸರ ಸುಮ್ಮನೆ ಅಲ್ಲ ಅನ್ನೋಕೆ ಇವತ್ತಿಗೂ ಉದಾಹರಣೆ ಸಿಗುತ್ತೆ. ಒಂದೇ ಅಪ್‌ಡೇಟ್‌ನಲ್ಲಿ ಎರಡು ಕಾಲಂಗಳ ಬೆಲೆ ಅದಲುಬದಲು ಮಾಡಿ ಅಂದರೆ, ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್ ಪ್ರಕಾರ ಎರಡೂ ಹಳೆಯ ಬೆಲೆಯನ್ನೇ ಓದಬೇಕು, ಅದಲುಬದಲು ಆಗಬೇಕು. ಮೈಎಸ್‌ಕ್ಯೂಎಲ್ ಎಡದಿಂದ ಬಲಕ್ಕೆ ಒಂದಾದ ಮೇಲೊಂದು ಮಾಡುತ್ತೆ, ಎರಡು ಕಾಲಂನಲ್ಲೂ ಒಂದೇ ಬೆಲೆ ಕೂರುತ್ತೆ. ಲ್ಯಾಬ್‌ನಲ್ಲಿ ಎರಡು ಸಾಲಿನ ಟೇಬಲ್ ಮಾಡಿ ನೋಡಿ.

ನಲ್ ಕಥೆಯೂ ಹಾಗೇ. ಗೊತ್ತಿಲ್ಲದ ಮಾಹಿತಿಗೆ ಜಾಗ ಇರಲೇಬೇಕು, ಸರಿ ಮತ್ತು ತಪ್ಪು ಜೊತೆಗೆ ಗೊತ್ತಿಲ್ಲ ಅನ್ನೋ ಮೂರನೇ ಉತ್ತರವೂ ಇರಬೇಕು ಅಂತ ಕಾಡ್ ಪಟ್ಟು ಹಿಡಿದರು. ಅದಕ್ಕೇ ಸೆಕ್ಷನ್ ಎ ಅಲ್ಲದವರನ್ನೆಲ್ಲ ಬದಲಾಯಿಸು ಅಂತ ಅಪ್‌ಡೇಟ್ ಬರೆದರೆ, ಸೆಕ್ಷನ್ ಇನ್ನೂ ಹಾಕಿರದವರು ಅದರಲ್ಲಿ ಬರಲ್ಲ. ಎರರ್ ಕೂಡ ಬರಲ್ಲ. ಅಡ್ಮಿಶನ್ ತಡವಾದ ನಾಲ್ಕು ಜನ ಸದ್ದಿಲ್ಲದೆ ಹೊರಗುಳಿಯುತ್ತಾರೆ.

1983ರಲ್ಲಿ ಬಿದ್ದು ಪೆಟ್ಟು ಮಾಡಿಕೊಂಡ ಕಾಡ್, ಮುಂದಿನ ವರ್ಷ ಐಬಿಎಂನಿಂದ ನಿವೃತ್ತರಾದರು. ಕ್ರಿಸ್ ಡೇಟ್ ಮತ್ತು ಶ್ಯಾರನ್ ವೈನ್‌ಬರ್ಗ್ ಜೊತೆ ಸಲಹಾ ಕಂಪನಿ ಕಟ್ಟಿದರು. ಶ್ಯಾರನ್ ಆಮೇಲೆ ಅವರ ಪತ್ನಿಯಾದರು. 1993ರಲ್ಲಿ ಒಎಲ್‌ಎಪಿ ಅನ್ನೋ ಹೆಸರಿಟ್ಟು ಇನ್ನೊಂದು ಲೇಖನ ಬರೆದರು. ಅದಕ್ಕೆ ಹಣ ಕೊಟ್ಟಿದ್ದು ಅದೇ ಬಗೆಯ ಸಾಫ್ಟ್‌ವೇರ್ ಮಾರುತ್ತಿದ್ದ ಕಂಪನಿ ಅಂತ ಟೀಕೆ ಬಂತು. ಆ ಟೀಕೆ ನ್ಯಾಯವಾದದ್ದೇ. ಪ್ರಾಡಕ್ಟ್ ಮಾರುವವರ ಬೋರ್ಡ್ ನಂಬಬೇಡಿ ಅಂತ ಹೇಳಿದವರಿಂದ ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ, 79ನೇ ವಯಸ್ಸಿನಲ್ಲಿ, ಹೃದಯದ ತೊಂದರೆಯಿಂದ ತೀರಿಕೊಂಡರು. ನಮ್ಮ ಬ್ಯಾಚ್‌ನ ಬಹುಪಾಲು ಜನ ಆಗ ಇನ್ನೂ ಹುಟ್ಟಿರಲಿಲ್ಲ.

ಕಾಡ್ ಅವರನ್ನು ಓದಿದ ಮೇಲೆ ಬ್ಯಾಚ್ ಅಪ್‌ಡೇಟ್ ಬರೆಯುವ ಕ್ರಮ ತಾನಾಗಿಯೇ ಸಿಗುತ್ತೆ. ಮೊದಲು ಗುಂಪು ಯಾವುದು ಅಂತ ನೋಡಬೇಕು: ಅಪ್‌ಡೇಟ್‌ಗೆ ಹಾಕುವ ಅದೇ ವೇರ್ ಕಂಡೀಶನ್ ಇಟ್ಟು ಸೆಲೆಕ್ಟ್ ಓಡಿಸಿ, ಎಷ್ಟು ಸಾಲು ಬಂತು ಅಂತ ಬರೆದಿಟ್ಟುಕೊಳ್ಳಿ. ನಲ್ ಇರುವವರನ್ನು ಬೇರೆ ಎಣಿಸಿ. ಟ್ರಾನ್ಸಾಕ್ಷನ್ ಶುರು ಮಾಡಿ, ಮೈಎಸ್‌ಕ್ಯೂಎಲ್‌ನಲ್ಲಿ ಆಟೊಕಮಿಟ್ ತಾನಾಗಿಯೇ ಆನ್ ಇರುತ್ತೆ ಅನ್ನೋದು ನೆನಪಿರಲಿ. ಲೂಪ್ ಬೇಡ, ಒಂದೇ ಅಪ್‌ಡೇಟ್. ಬೇರೆ ಬೇರೆಯವರಿಗೆ ಬೇರೆ ಬೇರೆ ಬೆಲೆ ಹಾಕಬೇಕಿದ್ದರೆ ಕೇಸ್ ಇದೆ. ಬದಲಾದ ಸಾಲುಗಳ ಸಂಖ್ಯೆ ಬರೆದಿಟ್ಟ ಸಂಖ್ಯೆಗೆ ಸರಿಹೊಂದಿದರೆ ಕಮಿಟ್, ಇಲ್ಲದಿದ್ದರೆ ರೋಲ್‌ಬ್ಯಾಕ್. ಲಕ್ಷಗಟ್ಟಲೆ ಸಾಲಿದ್ದು, ಲಾಕ್ ಹೆಚ್ಚು ಹೊತ್ತು ಹಿಡಿಯುತ್ತೆ ಅಂತ ತುಂಡು ತುಂಡಾಗಿ ಮಾಡಲೇಬೇಕಾದರೆ, ಯಾವ ಸಾಲು ಮುಗಿದಿದೆ ಅನ್ನೋ ಗುರುತು ಟೇಬಲ್‌ನಲ್ಲೇ ಇರಲಿ. ಸೆಮ್ ಪ್ಲಸ್ ಒಂದು ಅನ್ನೋದನ್ನು ಒಂದೇ ಸಾಲಿನ ಮೇಲೆ ಎರಡು ಸಲ ಓಡಿಸಿದರೆ ಎರಡು ಸೆಮ್ ಮುಂದೆ ಹೋಗುತ್ತೆ.

ಒಂದೊಂದು ಸಾಲಿನ ಆಚೆಗೂ ಒಬ್ಬ ವಿದ್ಯಾರ್ಥಿ ಇದ್ದಾರೆ. ವೇರ್ ಬಿಟ್ಟುಹೋದ ಅಪ್‌ಡೇಟ್ ಅವರ ಮಾರ್ಕ್ಸ್, ಅವರ ಫೀಸು, ಅವರ ಹಾಲ್ ಟಿಕೆಟ್ ಎಲ್ಲವನ್ನೂ ಮುಟ್ಟುತ್ತೆ. ಒಂದೇ ಸಾಲಿನಲ್ಲಿ ಸಾವಿರ ಸಾಲು ಬದಲಾಯಿಸುವ ಶಕ್ತಿಯನ್ನು ಕಾಡ್ ನಮ್ಮ ಕೈಗೆ ಕೊಟ್ಟು ಹೋಗಿದ್ದಾರೆ. ಆ ಸಾವಿರ ಯಾರು ಅಂತ ಮೊದಲೇ ಎಣಿಸಿಕೊಳ್ಳುವ ಕೆಲಸ ನಮ್ಮದು.